ಸಿಗ್ನಲ್ ಇದ್ದರೆ ಮಾತ್ರ ಉಳಿತಾಯ
ಫೋನಿನ ಭಾರೀ ಕೆಲಸವನ್ನು ಟವರ್ ಹತ್ತಿರವೇ ಇಟ್ಟ ಕಂಪ್ಯೂಟರ್‌ಗೆ, ಅಂದರೆ ಎಡ್ಜ್ ಸರ್ವರ್‌ಗೆ ಕಳಿಸಿದರೆ ಬ್ಯಾಟರಿ ಉಳಿಯುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಜ, ಆದರೆ ಸಿಗ್ನಲ್ ಚೆನ್ನಾಗಿರಬೇಕು. ನಮ್ಮ ಭಾಗಮಂಡಲದ ಕಡೆ ಕಾಫಿ ತೋಟದೊಳಗೆ ಒಂದು ಕಡ್ಡಿ ಸಿಗ್ನಲ್ ಸಿಕ್ಕರೆ ಜಾಸ್ತಿ. ಆಗ 4ಜಿ ಫೋನ್ ಪೂರ್ತಿ ಜೋರಿನಲ್ಲಿ, ಅಂದರೆ ಸುಮಾರು 200 ಮಿಲಿವ್ಯಾಟ್‌ನಲ್ಲಿ, ಡೇಟಾ ಕಳಿಸಬೇಕಾಗುತ್ತದೆ. ವೇಗ ಕಡಿಮೆ, ಹಾಗಾಗಿ ಹೊತ್ತೂ ಜಾಸ್ತಿ. ಎಲೆಯ ರೋಗ ಗುರುತಿಸಲು ಒಂದು ಫೋಟೋ ಕಳಿಸುವಷ್ಟರಲ್ಲಿ ಫೋನ್ ಬಿಸಿಯಾಗಿರುತ್ತದೆ. ಇಂಥ ಕಡೆ ಆ ಕೆಲಸ ಫೋನಿನಲ್ಲೇ ಮುಗಿಯುವುದು ಒಳ್ಳೆಯದು.

ಟವರ್ ಕಡೆಯ ಖರ್ಚನ್ನೂ ನೋಡಬೇಕು ಅಲ್ವಾ? ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಟವರ್ ನಡೆಯುವುದು ಬ್ಯಾಟರಿ, ಡೀಸೆಲ್ ಮೇಲೆ. ಕೆಲಸವಿಲ್ಲದೆ ಸುಮ್ನೆ ಆನ್ ಇರುವ ಸರ್ವರ್ ಕೂಡ ಕರೆಂಟ್ ತಿನ್ನುತ್ತದೆ. ಅದನ್ನು ನಿದ್ದೆಗೆ ಕಳಿಸುವ ವ್ಯವಸ್ಥೆ ಬೆಂಗಳೂರಿಗಿಂತ ಮೊದಲು ನಮ್ಮ ಟವರ್‌ಗಳಿಗೆ ಬರಲಿ.