ಎಲ್ಲಕ್ಕೂ ಒಂದೇ ತೆರೆ

ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಒಂದೇ ಪುಟದಲ್ಲಿ ಮೂರು ಕಡೆ ತೆರೆ ಬಿದ್ದಿರುತ್ತದೆ: ಜಾತ್ರೆಗೆ ‘ಅದ್ಧೂರಿ ತೆರೆ’, ಕಬಡ್ಡಿ ಪಂದ್ಯಾವಳಿಗೆ ತೆರೆ, ವಿಧಾನಮಂಡಲದ ಅಧಿವೇಶನಕ್ಕೂ ತೆರೆ. ಬಯಲಿನಲ್ಲಿ ತೇರೆಳೆದು, ಓಕುಳಿಯಾಡಿ ಮುಗಿಸಿದ ಜಾತ್ರೆಯಲ್ಲಿ ಪರದೆ ಎಲ್ಲಿತ್ತು ಎಂದು ಕೇಳುವವರೇ ಇಲ್ಲ. ತೆರೆ ಅದ್ಧೂರಿಯಾಗಿ ಬೀಳುವುದು ಹೇಗೆಂಬುದನ್ನು ಹಗ್ಗ ಹಿಡಿದವನೇ ಹೇಳಬೇಕು. (‘ಬಾಗಿಲು ತೆರೆ’ ಎನ್ನುವಾಗ ಇದೇ ಪದ ತದ್ವಿರುದ್ಧ ಕೆಲಸ ಮಾಡುತ್ತದೆ ಎಂಬುದು ಬೇರೆ ಮಾತು.)

ಕನ್ನಡದಲ್ಲಿ ಪದಗಳಿಗೆ ಬರವಿದ್ದರೆ ಸಹಿಸಬಹುದಿತ್ತು. ಆದರೆ ವ್ರತಕ್ಕೆ ಉದ್ಯಾಪನೆ, ಯಜ್ಞಕ್ಕೆ ಅವಭೃಥ, ಕೊಡಿಯೇರಿದ ಉತ್ಸವಕ್ಕೆ ಧ್ವಜಾವರೋಹಣ, ಹರಿಕಥೆಗೆ ಮಂಗಳ, ಪ್ರಬಂಧಕ್ಕೆ ಉಪಸಂಹಾರ ಎಂದು ಒಂದೊಂದು ಕೊನೆಗೂ ಅದರದೇ ಹೆಸರಿದೆ. ಅಜ್ಜಿಯಂತೂ ‘ಅವರು ಅಲ್ಲಿ ಸುಖವಾಗಿದ್ದಾರೆ, ನಾವು ಇಲ್ಲಿ ಹೀಗಿದ್ದೇವೆ’ ಎಂದು ಕಥೆ ಮುಗಿಸಿ ಮಗ್ಗುಲು ಬದಲಿಸುತ್ತಿದ್ದಳು.

ಯಕ್ಷಗಾನದ ವಿಷಯದಲ್ಲಿ ಮಾತ್ರ ನನಗೆ ತಾಳ್ಮೆ ಉಳಿಯುವುದಿಲ್ಲ. ಅಲ್ಲಿ ತೆರೆ ಇರುವುದು ಪ್ರವೇಶಕ್ಕೆ. ಇಬ್ಬರು ಅಡ್ಡ ಹಿಡಿದ ಬಟ್ಟೆಯ ಹಿಂದೆ ವೇಷ ಕುಣಿಯುತ್ತಾ, ಮೇಲೆ ಕಿರೀಟದ ತುದಿಯನ್ನೂ ಕೆಳಗೆ ಗೆಜ್ಜೆಯ ಪಾದವನ್ನೂ ಮಾತ್ರ ತೋರಿಸುತ್ತಾ, ನೋಡುವವರನ್ನು ಸತಾಯಿಸಿ ಕೊನೆಗೆ ಮುಖ ತೋರುತ್ತದೆ. ಇಡೀ ರಾತ್ರಿಯ ಆಟ ಮುಗಿಯುವುದು ಬೆಳಗಿನ ಜಾವದ ಮಂಗಳದಿಂದ. ಕಳೆದ ವರ್ಷ ನಮ್ಮೂರಿನ ಆಟದ ವರದಿಯನ್ನು ‘ಭಾಗವತರು ಮಂಗಳ ಹಾಡಿದರು’ ಎಂದೇ ಮುಗಿಸಿ ಒಂದು ಪತ್ರಿಕೆಗೆ ಕಳುಹಿಸಿದ್ದೆ. ಅಚ್ಚಾಗಿ ಬಂದದ್ದು: ‘ಯಕ್ಷಗಾನಕ್ಕೆ ವಿಧ್ಯುಕ್ತ ತೆರೆ’.