ತಾಳೆ ನೋಕ್ಕಂಡ!

17 ವರ್ಷ ನಾನು ಲೆಕ್ಕ ಬರೆದವನು. ಬೆಳಿಗ್ಗೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಬಸ್ಸು ಹಿಡಿದು ಕುಂಬಳೆ, ಕುಂಬಳೆಯಿಂದ ರೈಲು ಹಿಡಿದು ಮಂಗಳೂರು. ಅಲ್ಲಿ ಒಂದು ಅಂಗಡಿಯ ಮಹಡಿಯಲ್ಲಿ ಫ್ಯಾನಿನ ಕೆಳಗೆ ಕೂತು ಜಮೆ-ಖರ್ಚು ತಾಳೆ ನೋಡುವುದು. ಕಳೆದ ವರ್ಷ ಮೇ ತಿಂಗಳಲ್ಲಿ ಅಂಗಡಿಯದ್ದೇ ಲೆಕ್ಕ ಮುಗಿಯಿತು. ಧನಿಗಳು ಶಟರು ಎಳೆದರು. ನಾನು ಬುತ್ತಿ ಡಬ್ಬಿ, ಕ್ಯಾಲ್ಕುಲೇಟರ್ ಮತ್ತು 17 ವರ್ಷದಲ್ಲಿ ಸಂಪಾದಿಸಿದ ಹೊಟ್ಟೆ ಹೊತ್ತುಕೊಂಡು ಮನೆಗೆ ಬಂದೆ.

ನಮ್ಮ ಹಿತ್ತಿಲಲ್ಲಿ 34 ತೆಂಗಿನ ಮರಗಳಿವೆ. ಅಜ್ಜ ನೆಟ್ಟದ್ದು. ಒಂದೊಂದೂ ಹತ್ತಿರ ಹತ್ತಿರ 60 ಅಡಿ. 30 ವರ್ಷ ನಮ್ಮಲ್ಲಿ ಕಾಯಿ ತೆಗೆದ ಅಣ್ಣನಿಗೆ ಈಗ ಮೊಣಕಾಲು ಬಗ್ಗುವುದಿಲ್ಲ. ಅವನ ಮಗ ದುಬಾಯಿಯಲ್ಲಿದ್ದಾನೆ. ಸರಿಯಾಗಿ ನೋಡಿದರೆ 45 ದಿನಕ್ಕೊಮ್ಮೆಯಾದರೂ ಕಾಯಿ ತೆಗೆಸಬೇಕು. ನಮ್ಮಲ್ಲಿ ಕಾಯಿಗಳು ಯಾರನ್ನೂ ಕಾಯದೆ ತಾವೇ ಇಳಿಯಲು ಶುರು ಮಾಡಿದ್ದವು. ಒಂದು ಕಾಯಿ ಬಚ್ಚಲಿನ ಹಂಚಿನ ಮೇಲೆ ಇಳಿಯಿತು. ಒಳಗೆ ನಾನಿದ್ದೆ, ಮಂಡೆಗೆ ಸೋಪು ಹಾಕಿಕೊಂಡು. ಹಂಚಿನ ಚೂರು, ಧೂಳು, ಕಾಯಿ ಎಲ್ಲ ಒಟ್ಟಿಗೇ ಬಾಲ್ದಿಗೆ ಬಿತ್ತು.

ಹೊರಗಿನಿಂದ ಹೆಂಡತಿ ಕೇಳಿದಳು, “ಕಾಯಿ ಒಡೆಯಿತಾ?”

ಆ ರಾತ್ರಿ ಅವಳು ಪೇಪರಿನ ಒಂದು ಮೂಲೆಯನ್ನು ಗಟ್ಟಿಯಾಗಿ ಓದಿದಳು. ಯಂತ್ರದಲ್ಲಿ ತೆಂಗಿನ ಮರ ಹತ್ತುವ ತರಬೇತಿ, ಆರು ದಿನ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಶುರು ಮಾಡಿದ್ದು ಇದು. ಮಲಯಾಳದಲ್ಲಿ ‘ತೆಂಙಿಂಡೆ ಚಙ್ಙಾದಿಕೂಟ್ಟಂ’ ಅಂತ ಹೆಸರು, ಅಂದರೆ ತೆಂಗಿನ ಗೆಳೆಯರ ಬಳಗ. ಹೆಂಗಸರೂ ಕಲಿತು ಸಂಪಾದಿಸುತ್ತಿದ್ದಾರೆ. ಈ ಕೊನೆಯ ಮಾತನ್ನು ಮಾತ್ರ ಅವಳು ಎರಡು ಸಲ ಓದಿದಳು.

“ನಮ್ಮದು ಆದ ಮೇಲೆ ನಾಲ್ಕು ಮನೆಯದ್ದು ತೆಗೆಯಬಹುದಲ್ವಾ? ಮರಕ್ಕೆ 50 ರೂಪಾಯಿ ಕೊಟ್ಟರೂ ಜನ ಸಿಗುವುದಿಲ್ಲ.”

ನಾನು ಇಲ್ಲ ಅನ್ನಲಿಲ್ಲ. ಲೆಕ್ಕದವರು ಒಮ್ಮೆಲೇ ಇಲ್ಲ ಅನ್ನುವುದಿಲ್ಲ, ಮುಂದಿನ ತಿಂಗಳಿಗೆ ಹಾಕುತ್ತಾರೆ.

ಜೂನ್ ತಿಂಗಳಲ್ಲಿ ಮಳೆ, ಒದ್ದೆ ಮರ ಜಾರುತ್ತದೆ. ಇದು ನ್ಯಾಯವಾದ ಕಾರಣವೇ, ಅವಳೂ ಒಪ್ಪಿದಳು. ಆಮೇಲೆ ತುಳುವರ ಆಟಿ ತಿಂಗಳು ಬಂತು. ಆಟಿಯಲ್ಲಿ ಯಾರಾದರೂ ಹೊಸ ಕೆಲಸ ಶುರು ಮಾಡುತ್ತಾರಾ? ಆಟಿ ಮುಗಿಯುವಾಗ ನನಗೆ ಬೆನ್ನುನೋವು ಶುರುವಾಯಿತು. ಸುಮ್ನೆ ಹೇಳಿದ್ದಲ್ಲ, ನಿಜವಾಗಿಯೂ ಶುರುವಾಯಿತು. ಅರ್ಜಿ ಫಾರ್ಮಿನ ಮಾತು ತೆಗೆದಾಗಲೆಲ್ಲ ಸೊಂಟದ ಎಡಗಡೆ ಹಿಡಿಯುತ್ತಿತ್ತು. ನವರಾತ್ರಿಯ ಹೊತ್ತಿಗೆ ನನಗೊಂದು ವೈಜ್ಞಾನಿಕ ಯೋಚನೆ ಬಂತು. ಗಿಡ್ಡ ತಳಿ ನೆಟ್ಟರೆ ಹೇಗೆ? ಚಾವಕ್ಕಾಡಿನ ಕಿತ್ತಳೆ ಬಣ್ಣದ ಗಿಡ್ಡ ತಳಿ ಮೂರು-ನಾಲ್ಕು ವರ್ಷಕ್ಕೇ ಫಲ ಕೊಡುತ್ತದೆ. ಶುರುವಿನ ವರ್ಷಗಳಲ್ಲಿ ನೆಲದಲ್ಲಿ ನಿಂತೇ ಬೊಂಡ ಕೀಳಬಹುದು.

“ನಾಲ್ಕು ವರ್ಷ ಊಟಕ್ಕೆ ಎಂತ ಮಾಡುವುದು?” ಅಂತ ಅವಳು ಕೇಳಿದಳು. ಹೆಂಗಸರಿಗೆ ವಿಜ್ಞಾನದಲ್ಲಿ ತಾಳ್ಮೆ ಕಡಿಮೆ.

ದೀಪಾವಳಿ ಕಳೆದ ಮೇಲೆ ಯಕ್ಷಗಾನದ ತಿರುಗಾಟ ಶುರು. ರಾತ್ರಿ ಆಟ ನೋಡಿ ನಿದ್ದೆಗೆಟ್ಟವನು ಬೆಳಿಗ್ಗೆ ಮರ ಹತ್ತುವುದು ಅಪಾಯ. ಮೇಳಗಳು ಗೆಜ್ಜೆ ಬಿಚ್ಚುವುದು ಪತ್ತನಾಜೆಗೆ, ಅಂದರೆ ಮೇ ಕೊನೆಗೆ. ಅದಾದ ಮೇಲೆ ಹೇಗೂ ಮಳೆ. ಈ ಲೆಕ್ಕ ಎಷ್ಟು ಚಂದ ತಾಳೆ ಆಯಿತೆಂದರೆ ವರ್ಷದಲ್ಲಿ ಒಂದು ದಿನವೂ ಬಾಕಿ ಉಳಿಯಲಿಲ್ಲ.

ನಿಜ ಹೇಳುತ್ತೇನೆ, ಹೆದರಿಕೆ ಮರದ್ದಲ್ಲ. ಬದಿಯಡ್ಕ ಪೇಟೆಯ ಹೋಟೆಲಿನದ್ದು. ಬಿಕಾಂ ಕಲಿತವ ಕಾಯಿ ತೆಗೆಯಲು ಹೊರಟಿದ್ದಾನಂತೆ ಅಂತ ಅಲ್ಲಿ ಯಾರಾದರೂ ಹೇಳುವುದು, ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡುವುದು, ಇದು ನನಗೆ ರಾತ್ರಿ ಎರಡು ಗಂಟೆಗೆ ಸಿನಿಮಾದ ಹಾಗೆ ಕಾಣುತ್ತಿತ್ತು. 41ರ ಪ್ರಾಯದಲ್ಲಿ ಹೊಸದಾಗಿ ಕಲಿಯಲು ಹೋಗಿ ಎಲ್ಲರ ಎದುರು ದಡ್ಡ ಅನ್ನಿಸಿಕೊಳ್ಳುವುದಕ್ಕಿಂತ ಬೆನ್ನುನೋವೇ ಮೇಲು.

ಒಂದು ದಿನ ಫೋನ್ ಬಂತು. ಸೋಮವಾರ ಬೆಳಿಗ್ಗೆ ಬರಬೇಕಂತೆ. ಅರ್ಜಿ ಹಾಕಿದವರು ಯಾರು? ಹೆಂಡತಿ ದೋಸೆ ಮಗುಚುತ್ತಾ, “ನಿಮ್ಮ ಸಹಿ ಹಾಕಲು ನನಗೆ ಬರುತ್ತದೆ” ಅಂದಳು.

ನಮ್ಮ ಜಿಲ್ಲೆಗೆ ತೆಂಗಿನ ಪಾಠ ಹೊಸದಲ್ಲ. ಕೂಡ್ಲಿನಲ್ಲಿ ಸಿಪಿಸಿಆರ್‌ಐ, ಅಂದರೆ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಇರುವ ಜಾಗದಲ್ಲಿ ತೆಂಗಿನ ಸಂಶೋಧನೆ ಶುರುವಾದದ್ದು 1916ರಲ್ಲಿ. ನೂರು ವರ್ಷ ದಾಟಿದ ಮೇಲೂ ಮರ ಹತ್ತಲು ನನ್ನಂಥವನು ಬೇಕಾಯಿತಲ್ಲ ಅಂತ ಬಸ್ಸಿನಲ್ಲಿ ಕೂತು ಯೋಚಿಸುತ್ತಾ ತರಬೇತಿಗೆ ಹೋದೆ.

ಯಂತ್ರ ಚೆಂಬೇರಿ ಮಾದರಿಯದ್ದು. ಕಣ್ಣೂರು ಜಿಲ್ಲೆಯ ಚೆಂಬೇರಿಯಲ್ಲಿ ಜೋಸೆಫ್ ಎಂಬ ಕೃಷಿಕರು ಮಾಡಿದ್ದು. ಎರಡು ಕಬ್ಬಿಣದ ಚೌಕಟ್ಟು, ಎಡಗಾಲಿಗೊಂದು, ಬಲಗಾಲಿಗೊಂದು. ಪ್ರತಿಯೊಂದರಲ್ಲೂ ಪಾದ ಇಡುವ ಜಾಗ, ಮೇಲೆ ಹಿಡಿ, ಮರವನ್ನು ಸುತ್ತುವ ಉಕ್ಕಿನ ಹಗ್ಗ. ಪಾದದ ಮೇಲೆ ಭಾರ ಬಿದ್ದರೆ ಹಗ್ಗ ಮರವನ್ನು ಬಿಗಿಯಾಗಿ ಕಚ್ಚುತ್ತದೆ. ಭಾರ ತೆಗೆದರೆ ಸಡಿಲ. ಆಗ ಹಿಡಿಯಲ್ಲಿ ಹಿಡಿದು ಮೇಲೆ ಸರಿಸಬೇಕು. ಒಂದು ಕಾಲು ನಿಲ್ಲುವುದು, ಇನ್ನೊಂದು ಏರುವುದು. ಅಷ್ಟೇ. ಕೇಳುವಾಗ ಎಷ್ಟು ಸುಲಭ!

10 ಅಡಿಯ ಹತ್ತಿರ ಹೋದಾಗ ಕೆಳಗಿನಿಂದ ಮಾಷ್ಟ್ರು, “ಇಡತ್ತೆ ಕಾಲ್ ಪೊಕ್ಕ್!” ಅಂತ ಕೂಗಿದರು. ಎಡಗಾಲು ಎತ್ತು ಅಂತ ಅರ್ಥ. ನನ್ನ ಕಿವಿಗೆ ಬಿದ್ದದ್ದು ‘ಇಡು’ ಮತ್ತು ‘ಕಾಲು’. ಇಟ್ಟೆ. ಎರಡೂ ಕಾಲಿನ ಭಾರ ಬಿದ್ದು ಎರಡೂ ಹಗ್ಗ ಬಿಗಿಯಾಯಿತು. ಅವರು ಇನ್ನೂ ಜೋರಾಗಿ “ಇಡತ್ತೆ! ಇಡತ್ತೆ!” ಅಂದರು. ನಾನು ಇನ್ನೂ ಗಟ್ಟಿಯಾಗಿ ಇಟ್ಟೆ. ಮೇಲೂ ಇಲ್ಲ, ಕೆಳಗೂ ಇಲ್ಲ. ಹಲಸಿನ ಮರಕ್ಕೆ ಕಟ್ಟಿದ ದೃಷ್ಟಿಬೊಂಬೆಯ ಹಾಗೆ ನಾನು. ಚೆರ್ವತ್ತೂರು ಕಡೆಯ ಒಬ್ಬರು ಅಕ್ಕ ಅಷ್ಟರಲ್ಲಿ ಪಕ್ಕದ ಮರ ಹತ್ತಿ, ಇಳಿದು, ಮಜ್ಜಿಗೆ ಕುಡಿಯುತ್ತಿದ್ದರು. ಕೊನೆಗೆ ಅವರೇ ಏಣಿ ತಂದು ನನ್ನ ಎಡಗಾಲಿನ ಬೆರಳು ಮುಟ್ಟಿ, “ಇದು” ಅಂದರು.

ನಾಲ್ಕನೇ ದಿನ 30 ಅಡಿ ಮುಟ್ಟಿದೆ. ಮೇಲೆ ಹೋದ ಹಾಗೆ ಮರ ಸಪೂರವಾಗುತ್ತದೆ, ಯಂತ್ರದ ಪಾದ ಸ್ವಲ್ಪ ಕೆಳಕ್ಕೆ ವಾಲುತ್ತದೆ. ಗಾಳಿ ಬಂದರೆ ಮರ ತೂಗುವುದು ಕೆಳಗಿನಿಂದ ಯಾವತ್ತೂ ಗೊತ್ತಾಗಿರಲಿಲ್ಲ. ನಾನು ಕಣ್ಣು ಮುಚ್ಚಿ ಲೆಕ್ಕ ಹಾಕಿದೆ. ಬಿದ್ದರೆ ಆಸ್ಪತ್ರೆ ಖರ್ಚು ಇಷ್ಟು. ವಿಮೆಯಿಂದ ಬರುವುದು ಇಷ್ಟು. ಸೊಸೈಟಿಯ ಸಾಲದ ಬಾಕಿ ಇಷ್ಟು. ಆಗ ಕೆಳಗಿನಿಂದ ಧ್ವನಿ ಬಂತು.

“ತಾಳೆ ನೋಕ್ಕಂಡ!”

ಮಲಯಾಳದಲ್ಲಿ ತಾಳೆ ಅಂದರೆ ಕೆಳಗೆ. ಕೆಳಗೆ ನೋಡಬೇಡ ಅಂತ ಅವರು ಹೇಳಿದ್ದು. ಕಾಸರಗೋಡಿನಲ್ಲಿ ಹುಟ್ಟಿದವನಿಗೆ ಅಷ್ಟು ಗೊತ್ತಿಲ್ಲದಿರುತ್ತದಾ? ಆದರೆ 30 ಅಡಿ ಎತ್ತರದಲ್ಲಿ ಮನುಷ್ಯನಿಗೆ ಮನೆಭಾಷೆ ಒಂದೇ ಉಳಿಯುತ್ತದೆ. ‘ತಾಳೆ ನೋಡಬೇಡ’ ಅಂತ ಕೇಳಿಸಿತು. ಇವರಿಗೆ ಹೇಗೆ ಗೊತ್ತಾಯಿತು ಮಾರಾಯ ಅಂತ ನಾಚಿಕೆಯಾಗಿ, ಲೆಕ್ಕವನ್ನು ಅಲ್ಲಿಗೇ ಬಿಟ್ಟು ಎಡಗಾಲು ಎತ್ತಿದೆ.

ಜನವರಿಯಲ್ಲಿ ಮೊದಲ ಕೂಲಿ. ಹತ್ತಿರದ ಮನೆಯ ದೊಡ್ಡಮ್ಮನ 8 ಮರಗಳು. ಹೋಟೆಲಿನಲ್ಲಿ ನಗುತ್ತಾರೆ ಅಂದುಕೊಂಡಿದ್ದೆನಲ್ಲ, ಅಲ್ಲಿ ಒಬ್ಬರು, “ನಮ್ಮಲ್ಲಿಗೆ ಯಾವಾಗ ಬರ್ತೀರಿ?” ಅಂತ ಕೇಳಿದರು. ಇನ್ನೊಬ್ಬರು ನನ್ನ ಚಹಾದ ದುಡ್ಡು ಕೊಟ್ಟರು. ನಗಲು ಯಾರಿಗೂ ಪುರುಸೊತ್ತಿರಲಿಲ್ಲ. ಇದರಿಂದ ಸ್ವಲ್ಪ ಬೇಸರವೇ ಆಯಿತು. ಏಳು ತಿಂಗಳು ಹೆದರಿದ್ದು ದಂಡ ಅಲ್ವಾ?

ಏಳು ಮರ ಚೆನ್ನಾಗಿ ಆಯಿತು. ಎಂಟನೆಯದರ ಮಂಡೆಯಲ್ಲಿ ಕೆಂಪಿರುವೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಮಡಲು. ತುರಿಸಿಕೊಳ್ಳಲು ಮೂರನೇ ಕೈ ದೇವರು ಕೊಟ್ಟಿಲ್ಲ. ಅವು ಅಂಗಿಯ ತೋಳಿನಿಂದ ಒಳಗೆ ಹೋಗಿ ಹೊಟ್ಟೆಯ ಮೇಲೆ ಸಾಲಾಗಿ ಇಳಿದವು. ಆ ಹೊಟ್ಟೆಯಲ್ಲಿ ಇಷ್ಟು ಜಾಗ ಇದೆ ಅಂತ ನನಗೂ ಗೊತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಕಡಿದು ಕೆಳಗೆ ಹಾಕಿ ಇಳಿದೆ. ಹತ್ತಿದ್ದಕ್ಕಿಂತ ಇಳಿದದ್ದು ತುಂಬಾ ಬೇಗ.

ದೊಡ್ಡಮ್ಮ ಅಂಗಳದಲ್ಲಿ ಕಾಯಿ ಎಣಿಸಲು ಕೂತರು. ಹಳೆಯ ಕ್ರಮ ಅವರದ್ದು, ಒಂದು ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಲಾಭ, ಎರಡು, ಮೂರು... 111ಕ್ಕೆ ನಿಂತರು. ಇನ್ನೊಮ್ಮೆ ಎಣಿಸಿದರು. 111.

“ಲೆಕ್ಕ ತಾಳೆ ಆಗುವುದಿಲ್ಲ ಮಗ. ಬೆಳಿಗ್ಗೆ ನಾನು ಕೆಳಗಿನಿಂದ ನೋಡಿ ಎಣಿಸಿದ್ದು 113.”

“ಕೆಳಗಿನಿಂದ ಹಾಗೆಲ್ಲ ಸರಿ ಕಾಣುವುದಿಲ್ಲ ದೊಡ್ಡಮ್ಮ.”

ಅವರು ಮಾತಾಡದೆ ಎಂಟನೇ ಮರದ ತುದಿಗೆ ಬೆರಳು ತೋರಿಸಿದರು. ಎರಡು ಕಾಯಿ ಹಾಯಾಗಿ ಕೂತಿದ್ದವು, ಇರುವೆಗಳ ಕಾವಲಿನಲ್ಲಿ.

“ಮಳೆ ಬರುವ ಹಾಗೆ ಉಂಟು ದೊಡ್ಡಮ್ಮ” ಅಂದೆ.

ದೊಡ್ಡಮ್ಮ ತಲೆಯೆತ್ತಿ ಜನವರಿಯ ಆಕಾಶ ನೋಡಿದರು. ಒಂದು ತುಂಡು ಮೋಡ ಇರಲಿಲ್ಲ. ಯಂತ್ರದ ಹಿಡಿಯನ್ನು ನನ್ನ ಕಡೆ ದೂಡಿದರು.

“ಹಾಗಾದರೆ ಬೇಗ ಹತ್ತು. ಒದ್ದೆ ಮರ ಜಾರುತ್ತದೆ.”