ಮರಡಿಹಳ್ಳಿಯ ದುಂಡುಕಲ್ಲುಗಳು ಡೈನೋಸಾರ್ ಮೊಟ್ಟೆಗಳಲ್ಲ: ಸ್ಪಷ್ಟನೆ

ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದುಂಡನೆಯ ಕಲ್ಲುಗಳು ಡೈನೋಸಾರ್ ಮೊಟ್ಟೆಗಳ ಪಳೆಯುಳಿಕೆಗಳೆಂಬ ಚಿತ್ರಸಹಿತ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದ್ದು, ಅದು ನಿಜವಲ್ಲ. ಅವು ದಿಂಬಿನಾಕಾರದ ಲಾವಾ ಶಿಲೆಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಆ ತಾಣವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ನೀರಿನಡಿಯಲ್ಲಿ ಉಕ್ಕಿದ ಲಾವಾ ತಣ್ಣೀರು ತಾಗಿದೊಡನೆ ಹೊರಮೈ ಗಟ್ಟಿಯಾಗಿ, ಒಳಗಿನ ದ್ರವದ ಒತ್ತಡಕ್ಕೆ ಉಬ್ಬಿ, ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಈ ಕಲ್ಲುಗಳು ರೂಪುಗೊಂಡವು. ಕಲ್ಲಿನ ಅಂಚಿನ ತೆಳುವಾದ ಪದರವನ್ನು ನೋಡಿದವರು ಮೊಟ್ಟೆಯ ಚಿಪ್ಪೆಂದು ತಿಳಿಯುವುದು ಸಹಜವೇ. ಆದರೆ ಅದು ಥಟ್ಟನೆ ತಣಿದ ಲಾವಾದ ತೊಗಟೆ. ನಿಜವಾದ ಚಿಪ್ಪಿನಲ್ಲಿ ಭ್ರೂಣಕ್ಕೆ ಗಾಳಿ ಒದಗಿಸುವ ಸೂಕ್ಷ್ಮ ರಂಧ್ರಗಳಿರುತ್ತವೆ, ಪಳೆಯುಳಿಕೆ ತಜ್ಞರು ಸೂಕ್ಷ್ಮದರ್ಶಕದಲ್ಲಿ ಮೊದಲು ಹುಡುಕುವವುಗಳಲ್ಲಿ ಅವೂ ಸೇರಿವೆ.

ಎಲ್ಲಕ್ಕಿಂತ ಮುಖ್ಯವಾದುದು ಕಾಲದ ಅಂತರ. ಈ ಶಿಲೆಗಳಿಗೆ ಸುಮಾರು 250 ಕೋಟಿ ವರ್ಷ. ಡೈನೋಸಾರ್‌ಗಳು ಕಾಣಿಸಿಕೊಂಡದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಮರಡಿಹಳ್ಳಿಯ ಲಾವಾ ಉಕ್ಕಿದಾಗ ಭೂಮಿಯ ಮೇಲೆ ಮೊಟ್ಟೆಯಿಡುವ ಪ್ರಾಣಿಯಿರಲಿ, ಯಾವ ಪ್ರಾಣಿಯೂ ವಿಕಾಸಗೊಂಡಿರಲಿಲ್ಲ, ಸೂಕ್ಷ್ಮಜೀವಿಗಳಷ್ಟೇ ಇದ್ದವು. ನಮ್ಮ ಜಿಲ್ಲೆಯ ಕಲ್ಲಿಗೆ ಡೈನೋಸಾರ್‌ನ ಹೆಸರು ಬೇಕಿಲ್ಲ, ಅದು ಅವುಗಳಿಗಿಂತ ಹತ್ತು ಪಟ್ಟು ಹಳೆಯದು.

ಭಾರತದಲ್ಲಿ ಡೈನೋಸಾರ್ ಮೊಟ್ಟೆಗಳು ದೊರೆತಿರುವುದು ನಿಜ. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಲಮೇಟಾ ಶಿಲಾಸ್ತರಗಳಲ್ಲಿ 92 ಗೂಡುಗಳೂ ಸಸ್ಯಾಹಾರಿ ಟೈಟನೋಸಾರ್‌ಗಳ 256 ಮೊಟ್ಟೆಗಳೂ ಪತ್ತೆಯಾಗಿರುವುದನ್ನು ಸಂಶೋಧಕರು 2023ರಲ್ಲಿ ಪ್ರಕಟಿಸಿದ್ದಾರೆ.